ಕಾಣದ ಎಳೆ

ಒಂದು ಊರು ಯಾರನ್ನು ನೆನೆಯುತ್ತದೆ, ಯಾರನ್ನು ಮರೆಯುತ್ತದೆ ಎಂಬುದನ್ನು ಅರಿಯಬೇಕಾದರೆ ಆ ಊರಿನ ನಡುಪೇಟೆಯ ಪ್ರತಿಮೆಗಳನ್ನೂ ಸ್ಮಾರಕಗಳನ್ನೂ ನೋಡಬೇಕು. ಕಲ್ಲು ಕಂಚುಗಳಿಗೆ ಹಣ ಬೇಕು. ಆದುದರಿಂದ ಉಳ್ಳವರ ನೆನಪು ಬೇಗನೆ ಕಲ್ಲಾಗಿ ನಿಲ್ಲುತ್ತದೆ. ಬಡವರ ನೆನಪು ಬಹುಕಾಲ ಬಾಯಿಮಾತಾಗಿಯೇ ಉಳಿಯುತ್ತದೆ. ಈ ಮಾತಿಗೆ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣ ಒಳ್ಳೆಯ ನಿದರ್ಶನವಾಗಿದೆ. ಈ ಸಲ ಅದರ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಗ್ಲಾಸ್ಗೋ ನಗರದ ಪಶ್ಚಿಮಕ್ಕಿರುವ ಈ ಊರು ನಮ್ಮ ಮನೆಗಳಿಗೆ ತೀರ ಅಪರಿಚಿತವಲ್ಲ. ಸೀರೆಯ ಸೆರಗಿನಲ್ಲಿ, ಶಾಲಿನ ಅಂಚಿನಲ್ಲಿ ನಾವು ಕಾಣುವ ಮಾವಿನಕಾಯಿ ಚಿತ್ತಾರವನ್ನು ಪಾಶ್ಚಾತ್ಯರು ‘ಪೇಸ್ಲಿ’ ಎಂದೇ ಕರೆಯುತ್ತಾರೆ. ಆದರೆ ಆ ಚಿತ್ತಾರ ಅಲ್ಲಿ ಹುಟ್ಟಿದುದಲ್ಲ. ಹದಿನೆಂಟನೆಯ ಶತಮಾನದಲ್ಲಿ ಕಾಶ್ಮೀರದ ಶಾಲುಗಳು ಯುರೋಪಿಗೆ ಹೋದವು. ಅವುಗಳ ಬೆಲೆ ಸಿರಿವಂತರಿಗೆ ಮಾತ್ರ ಎಟುಕುವಂತಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಪೇಸ್ಲಿಯ ನೇಕಾರರು ಅವುಗಳನ್ನು ಹೋಲುವ ಶಾಲುಗಳನ್ನು ಕಡಿಮೆ ಬೆಲೆಗೆ ನೇಯತೊಡಗಿದರು. ಮೂಲ ಚಿತ್ತಾರವನ್ನು ನೇಯ್ದ ಕಾಶ್ಮೀರದ ಕೈಗಳ ಹೆಸರು ಯಾರಿಗೂ ತಿಳಿಯದು. ಅನುಕರಿಸಿದ ಊರಿನ ಹೆಸರು ಲೋಕವೆಲ್ಲ ಹರಡಿತು.

ಪೇಸ್ಲಿಯ ನಡುಪೇಟೆಯಲ್ಲಿ, ವೈಟ್ ಕಾರ್ಟ್ ನದಿಯ ಬಳಿ, 1163ರಲ್ಲಿ ಸ್ಥಾಪನೆಗೊಂಡ ಕ್ರೈಸ್ತ ವಿರಕ್ತರ ಮಠವೊಂದಿದೆ. ಅದರ ಇಗರ್ಜಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. 1990ರ ದಶಕದ ಜೀರ್ಣೋದ್ಧಾರದಲ್ಲಿ, ಮಳೆನೀರು ಹೊರಚೆಲ್ಲಲು ಮಾಡಿನ ಅಂಚಿಗೆ ಹಚ್ಚುವ ವಿಕಾರಮುಖದ ಶಿಲ್ಪಗಳನ್ನು ಹೊಸದಾಗಿ ಕಂಡರಿಸಿದಾಗ, ಅವುಗಳಲ್ಲೊಂದು ‘ಏಲಿಯನ್’ ಚಲನಚಿತ್ರದ ಪ್ರಾಣಿಯನ್ನೇ ಹೋಲುವಂತೆ ಮೂಡಿತು. ಅದನ್ನು ಹುಡುಕಿ ನೋಡಲೆಂದೇ ಜನ ಬರುತ್ತಾರೆ.

ಈ ಮಠದ ಆಸುಪಾಸಿನಲ್ಲಿಯೇ ಇಬ್ಬರು ನೇಕಾರ ಕವಿಗಳ ಪ್ರತಿಮೆಗಳಿವೆ. ಒಬ್ಬನು ಅಲೆಕ್ಸಾಂಡರ್ ವಿಲ್ಸನ್. ಗಿರಣಿಯ ಮಾಲೀಕನೊಬ್ಬನ ಅನ್ಯಾಯವನ್ನು ಹಾಸ್ಯಪದ್ಯದಲ್ಲಿ ಬಯಲಿಗೆಳೆದುದಕ್ಕಾಗಿ ಅವನು ಸೆರೆವಾಸ ಅನುಭವಿಸಿದನು. 1793ರಲ್ಲಿ ಆ ಪದ್ಯವನ್ನು ಊರವರ ಎದುರಿನಲ್ಲಿ ತನ್ನ ಕೈಯಿಂದಲೇ ಸುಡಬೇಕಾಯಿತು. ಮರುವರ್ಷ ಅವನು ಅಮೆರಿಕಕ್ಕೆ ಹೊರಟುಹೋದನು. ಅಲ್ಲಿನ ಹಕ್ಕಿಗಳನ್ನು ಕುರಿತು ಒಂಬತ್ತು ಸಂಪುಟಗಳ ಮಹಾಗ್ರಂಥವನ್ನು ರಚಿಸಿ ಪಕ್ಷಿಶಾಸ್ತ್ರಜ್ಞನೆಂದು ಕೀರ್ತಿವಂತನಾದನು. 1874ರಲ್ಲಿ ಅವನಿಗೆ ಪ್ರತಿಮೆಯನ್ನು ನಿಲ್ಲಿಸಿದುದು ಅವನ ಪದ್ಯವನ್ನು ಸುಡಿಸಿದ ಆ ಊರೇ.

ಇನ್ನೊಬ್ಬನು ರಾಬರ್ಟ್ ಟ್ಯಾನಹಿಲ್. ಮಗ್ಗದ ಮುಂದೆ ಕುಳಿತೇ ಹಾಡು ಕಟ್ಟಿದ ಈತನು ತನ್ನ ಕವನಗಳಿಗೆ ಪ್ರಕಾಶಕರು ದೊರೆಯದೆ ಮನನೊಂದು ಹಸ್ತಪ್ರತಿಗಳನ್ನು ಸುಟ್ಟು, 1810ರಲ್ಲಿ ನೀರಿಗೆ ಬಿದ್ದು ಪ್ರಾಣ ಬಿಟ್ಟನು. ಆಗ ಅವನ ವಯಸ್ಸು 35. ಮುಂದೆ ಊರಿನ ಹಾಡುಗಾರರು ಹತ್ತಿರದ ಗ್ಲೆನಿಫರ್ ಗುಡ್ಡದ ಇಳಿಜಾರಿನಲ್ಲಿ ವರ್ಷವರ್ಷವೂ ಬಯಲು ಸಂಗೀತಸಭೆಗಳನ್ನು ನಡೆಸಿ ಹಣ ಕೂಡಿಸಿದರು. ಆ ಹಣದಿಂದ 1883ರಲ್ಲಿ ಅವನ ಪ್ರತಿಮೆ ನಿಂತಿತು. ಒಬ್ಬ ಧನಿಕನ ಕೊಡುಗೆಯಿಂದಲ್ಲ, ಹಾಡಿನಿಂದಲೇ ಎದ್ದ ಪ್ರತಿಮೆಯಿದು.

ಸಮೀಪದ ಡನ್ ಚೌಕದಲ್ಲಿ ನೂಲಿನ ಧನಿಗಳಾದ ಥಾಮಸ್ ಕೋಟ್ಸ್ ಮತ್ತು ಪೀಟರ್ ಕೋಟ್ಸ್ ಅವರ ಪ್ರತಿಮೆಗಳಿವೆ. ಹೊಲಿಗೆಯ ದಾರದಿಂದ ಜಗತ್ತಿನಲ್ಲೆಲ್ಲ ಹೆಸರಾದ ಮನೆತನವಿದು. ಊರಿಗೆ ವಸ್ತುಸಂಗ್ರಹಾಲಯ, ನಕ್ಷತ್ರ ವೀಕ್ಷಣಾಲಯಗಳನ್ನು ಕೊಟ್ಟವರು ಇವರೇ. ಇನ್ನೊಂದು ನೂಲಿನ ಮನೆತನವಾದ ಕ್ಲಾರ್ಕ್‌ರ ಕೊಡುಗೆಯಿಂದ 1882ರಲ್ಲಿ ಪುರಭವನವಾಯಿತು. ಇವರ ಔದಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಿರಣಿಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸಾವಿರಾರು ಮಂದಿಯ ದುಡಿಮೆಯಿಂದ ಬಂದ ಸಂಪತ್ತು ಇಬ್ಬರ ರೂಪದಲ್ಲಿ ಪೀಠವೇರಿ ನಿಂತಿದೆ ಎಂಬುದನ್ನೂ ಮರೆಯಲಾಗದು.

ಈ ನೂಲಿನ ಕಥೆಯ ಮೂಲ ಇನ್ನೂ ಕಹಿಯಾದುದು. 1697ರಲ್ಲಿ ಕ್ರಿಶ್ಚಿಯನ್ ಶಾ ಎಂಬ ಹನ್ನೊಂದು ವರ್ಷದ ಜಮೀನುದಾರರ ಮಗಳು, ತನಗೆ ಮಾಟ ಮಾಡಿದ್ದಾರೆಂದು ಹಲವರ ಮೇಲೆ ಆರೋಪ ಹೊರಿಸಿದಳು. ಏಳು ಜನರಿಗೆ ಮರಣದಂಡನೆಯಾಯಿತು. ಒಬ್ಬನು ಸೆರೆಮನೆಯಲ್ಲಿಯೇ ಪ್ರಾಣ ಬಿಟ್ಟನು. ಉಳಿದ ಆರು ಮಂದಿಯನ್ನು ಜೂನ್ 10ರಂದು ಗಲ್ಲಿಗೇರಿಸಿ ಸುಟ್ಟರು. ಅವರ ಅವಶೇಷಗಳನ್ನು ಮ್ಯಾಕ್ಸ್‌ವೆಲ್ಟನ್ ಎಂಬ ಕೂಡುರಸ್ತೆಯಲ್ಲಿ ಹೂತು, ಆತ್ಮಗಳು ಮೇಲೇಳದಿರಲೆಂದು ಮೇಲೊಂದು ಕುದುರೆಯ ಲಾಳವನ್ನು ಬಡಿದರು. ಅದೇ ಕ್ರಿಶ್ಚಿಯನ್ ಶಾ ದೊಡ್ಡವಳಾದ ಮೇಲೆ ನಯವಾದ ನೂಲು ತೆಗೆಯುವ ಉದ್ಯಮವನ್ನು ಆರಂಭಿಸಿದಳು. ಪೇಸ್ಲಿಯ ನೂಲಿನ ವ್ಯಾಪಾರಕ್ಕೆ ಅದೇ ನಾಂದಿಯಾಯಿತು ಎನ್ನಲಾಗಿದೆ. ಆ ಹಳೆಯ ಲಾಳ 1960ರ ದಶಕದಲ್ಲಿ ಕಳೆದುಹೋಯಿತು. ಊರಿಗೆ ಬಂದ ಕಷ್ಟಗಳಿಗೆಲ್ಲ ಅದೇ ಕಾರಣವೆಂದವರೂ ಉಂಟು. 2008ರಲ್ಲಿ ಅಲ್ಲಿ ಹೊಸ ಸ್ಮಾರಕ ಬಂತು. ಹಳೆಯ ಲಾಳ ಸತ್ತವರಿಗೆ ಅಂಜಿ ಬಡಿದುದು. ಹೊಸ ಸ್ಮಾರಕವಾದರೋ ಅವರಿಗಾದುದು ಅನ್ಯಾಯವೆಂದು ಒಪ್ಪಿಕೊಂಡು ಇಟ್ಟುದು.

ಊರಿನ ನಟ್ಟನಡುವೆ 1924ರಲ್ಲಿ ಅನಾವರಣಗೊಂಡ ಯುದ್ಧಸ್ಮಾರಕವಿದೆ. ಶಿಲ್ಪಿ ಆಲಿಸ್ ಮೆರಿಡಿತ್ ವಿಲಿಯಮ್ಸ್ ಎಂಬ ಮಹಿಳೆ. ಕುದುರೆಯೇರಿದ ಪುರಾತನ ಯೋಧನ ಇಕ್ಕೆಲದಲ್ಲಿ ನಾಲ್ವರು ಸಾಮಾನ್ಯ ಕಾಲಾಳುಗಳು ದಣಿದು ನಡೆಯುತ್ತಿದ್ದಾರೆ. ಅದರ ಬಳಿಯಲ್ಲಿಯೇ ಗ್ಲೆನ್ ಚಿತ್ರಮಂದಿರವಿತ್ತು. 1929ರ ಡಿಸೆಂಬರ್ 31ರ ಮಧ್ಯಾಹ್ನ, ಮಕ್ಕಳಿಂದ ಕಿಕ್ಕಿರಿದಿದ್ದ ಅಲ್ಲಿ ಫಿಲ್ಮಿನ ಡಬ್ಬಿಯೊಂದರಿಂದ ಹೊಗೆ ಎದ್ದಿತು. ಬೆಂಕಿ ಹರಡಲಿಲ್ಲ, ಭಯ ಹರಡಿತು. ಹೊರದಾರಿಯ ಕಬ್ಬಿಣದ ಗೇಟು ಮುಚ್ಚಿತ್ತು. ನೂಕುನುಗ್ಗಲಿನಲ್ಲಿ 71 ಮಕ್ಕಳು ಅಸುನೀಗಿದವು. ಆ ಬಳಿಕ ಬ್ರಿಟನ್ನಿನಲ್ಲಿ ಚಿತ್ರಮಂದಿರಗಳ ನಿಯಮಗಳು ಬಿಗಿಗೊಂಡವು. ಬಾಗಿಲುಗಳು ಹೊರಮುಖವಾಗಿ, ನೂಕಿದರೆ ತೆರೆಯುವಂತಿರಬೇಕೆಂಬ ಕಟ್ಟಳೆ ಬಂತು. ಹಾಗೆ ತೆರೆದುಕೊಳ್ಳುವ ಒಂದೊಂದು ಬಾಗಿಲೂ ಆ ಕಂದಮ್ಮಗಳ ಸ್ಮಾರಕವೆಂದು ನಾವು ತಿಳಿಯುತ್ತೇವೆ.

ಇಷ್ಟೆಲ್ಲ ಸ್ಮಾರಕಗಳ ಊರಿನಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಸೆಳೆಯುವುದು ಕಲ್ಲಿನದೂ ಅಲ್ಲ, ಕಂಚಿನದೂ ಅಲ್ಲ. ಅದೊಂದು ಹಬ್ಬ. ಶಾಲಿನ ಬಣ್ಣದ ಎಳೆಗಳು ಬಿಚ್ಚಿಹೋಗದಂತೆ ಹಿಡಿದಿಡಲು ನೇಕಾರನು ನಡುನಡುವೆ ಒಂದು ತೆಳುವಾದ ಹತ್ತಿಯ ಎಳೆಯನ್ನು ಹಾಯಿಸಬೇಕಾಗಿತ್ತು. ಅದಕ್ಕೆ ‘ಸ್ಮಾ ಶಾಟ್’ ಎಂದು ಹೆಸರು. ಶಾಲು ಸಿದ್ಧವಾದ ಮೇಲೆ ಆ ಎಳೆ ಕಣ್ಣಿಗೆ ಬೀಳದು. ಕಾಣದ ಎಳೆಗೆ ಕೂಲಿ ಕೊಡಲಾರೆವೆಂದು ಮಾಲೀಕರು ಹೇಳಿದರು. ಅದಿಲ್ಲದೆ ಶಾಲೇ ನಿಲ್ಲದೆಂದು ನೇಕಾರರು ಹೇಳಿದರು. ದೀರ್ಘ ಹೋರಾಟದ ತರುವಾಯ 1856ರಲ್ಲಿ ಮಾಲೀಕರು ಒಪ್ಪಿದರು. ಆ ಗೆಲವಿನ ನೆನಪಿಗೆ ಜುಲೈ ತಿಂಗಳ ಮೊದಲ ಶನಿವಾರ ನೇಕಾರರ ಹಬ್ಬವಾಯಿತು. ನಡುವೆ ನಿಂತುಹೋಗಿದ್ದ ಅದನ್ನು 1986ರಲ್ಲಿ ಮತ್ತೆ ಆರಂಭಿಸಿದರು. ಡೋಲು ಬಾರಿಸಿ ಮೆರವಣಿಗೆ ಹೊರಟು, ಜಿಪುಣ ಮಾಲೀಕನ ಪ್ರತಿಕೃತಿಯನ್ನು ಸುಡುವುದು ಆ ಹಬ್ಬದ ವಾಡಿಕೆ.

ಶಾಲುಗಳ ಕಾಲ ಹೋಯಿತು. 1990ರ ದಶಕದಲ್ಲಿ ನೂಲಿನ ಗಿರಣಿಗಳ ಸದ್ದೂ ಅಡಗಿತು. ಧನಿಗಳ ಪ್ರತಿಮೆಗಳು ಅಲ್ಲಿಯೇ ಇವೆ, ಇರಲಿ. ಆದರೆ ಕಾಣದ ಎಳೆಗೂ ಬೆಲೆಯುಂಟೆಂದು ಸಾಧಿಸಿದವರನ್ನು ಆ ಊರು ಡೋಲಿನ ದನಿಯಲ್ಲಿ ನೆನೆಯುತ್ತಿದೆ. ನಮ್ಮ ತಾಯಂದಿರು, ಸಹೋದರಿಯರು ಮಾವಿನಕಾಯಿ ಅಂಚಿನ ಸೀರೆಯನ್ನು ಮಡಿಸಿಡುವಾಗ ಒಮ್ಮೆ ಅದನ್ನು ತಿರುವಿ ಹಿಂಬದಿಯನ್ನೂ ನೋಡಲಿ. ಮುಂಬದಿಯ ಚೆಲುವನ್ನು ಹಿಡಿದು ನಿಲ್ಲಿಸಿದ ದುಡಿಮೆ ಅಲ್ಲಿದೆ.