ಹನ್ನೆರಡು ತಂತಿಗೆ ಮರವೇ ಸಾಕ್ಷಿ!

ಗೆಳೆಯರೇ, ನಿಮ್ಮನೆ ಅಟ್ಟದ ಮೇಲೆ ಏನಿದೆ? ತಗಡಿನ ಟ್ರಂಕು, ಹರಿದ ಹಾಸಿಗೆ, ಇಲಿ ಕಡಿದ ಸಿನಿಮಾ ಪತ್ರಿಕೆ... ಅಷ್ಟೇ ತಾನೆ? ಬ್ರಿಟನ್ನಿನ ಹಳ್ಳಿಗಾಡಿನ ಒಂದು ಮನೆ ಅಟ್ಟದಲ್ಲಿ ಒಂದು ಗಿಟಾರ್ ಐವತ್ತು ವರ್ಷಕ್ಕೂ ಮೇಲೆ ಧೂಳು ತಿಂತಾ ಮಲಗಿತ್ತು. ಮನೆ ಬದಲಾಯಿಸೋವಾಗ ಕಣ್ಣಿಗೆ ಬಿತ್ತು. 2024ರ ಮೇನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 28 ಲಕ್ಷ 57 ಸಾವಿರದ 500 ಡಾಲರ್! ಅಂದರೆ 23 ಕೋಟಿ ರೂಪಾಯಿಗೂ ಮೇಲೆ. ತಲೆ ತಿರುಗಿತಾ?

ಅದು ಬೀಟಲ್ಸ್ ತಂಡದ ಜಾನ್ ಲೆನನ್ ನುಡಿಸಿದ ಗಿಟಾರ್. ಜರ್ಮನಿಯ ಫ್ರಾಮುಸ್ ಕಂಪನಿಯ 'ಹೂಟನ್ಯಾನಿ' ಮಾಡೆಲ್. ಇದಕ್ಕೆ ತಂತಿ ಆರಲ್ಲ, ಹನ್ನೆರಡು. ಎರಡೆರಡರಂತೆ ಆರು ಜೋಡಿ. ನಾಲ್ಕು ಜೋಡಿಗಳಲ್ಲಿ ಒಂದು ತಂತಿ ದಪ್ಪ, ಪಕ್ಕದ್ದು ಒಂದು ಸ್ಥಾಯಿ ಮೇಲೆ. ಹಾಗಾಗಿ ಒಬ್ಬನೇ ಮೀಟಿದರೂ ಇಬ್ಬರು ನುಡಿಸಿದ ಹಾಗೆ ಕೇಳುತ್ತೆ. 1965ರ 'ಹೆಲ್ಪ್!' ಚಿತ್ರದಲ್ಲಿ ಲೆನನ್ ಕೈಯಲ್ಲಿ ಇದೇ ಇತ್ತು. ಆ ವರ್ಷದ ಕೊನೆಗೆ ಆತ ಅದನ್ನ ಗಾಯಕ ಗಾರ್ಡನ್ ವಾಲರ್‌ಗೆ ಕೊಟ್ಟ. ಅಲ್ಲಿಂದ ವಾಲರ್ ಮ್ಯಾನೇಜರ್ ಪಾಲಾಯಿತು. ಆಮೇಲೆ ಅಟ್ಟ!

ಸರಿ ಕಣ್ರೀ, ಕಥೆ ಯಾರು ಬೇಕಾದ್ರೂ ಹೇಳ್ತಾರೆ. ಕಂಪನಿ ಆ ಮಾಡೆಲ್ ಒಂದೇ ಒಂದು ಮಾಡಿತ್ತಾ? ಇದೇ ಅದು ಅಂತ ನಂಬೋದು ಹೇಗೆ?

ಇಲ್ಲಿದೆ ಸ್ವಾರಸ್ಯ. ಹಳೇ ಫೋಟೋಗಳನ್ನ ಪಕ್ಕಕ್ಕಿಟ್ಟುಕೊಂಡು ಗಿಟಾರಿನ ಮೈಯನ್ನ ಇಂಚಿಂಚೂ ನೋಡಿದರು. ಮರದ ಗೆರೆ, ಸುಳಿ, ಸವೆದ ಜಾಗ, ಮೀಟುವ ಕಡೆ ಗೀರು ಬೀಳದಂತೆ ಅಂಟಿಸಿದ ಪಟ್ಟಿ... ಎಲ್ಲಾ ತಾಳೆ ಆಯಿತು. ಗೆರೆ ಅಂದರೆ ಮರ ವರ್ಷವರ್ಷ ಬೆಳೆದ ಗುರುತು. ನಮ್ಮ ಹೆಬ್ಬೆಟ್ಟಿನ ಹಾಗೆ. ತಂತಿ ಬದಲಾಯಿಸಬಹುದು, ಬಿರಡೆ ಬದಲಾಯಿಸಬಹುದು, ಗೆರೆ ಬದಲಾಯಿಸೋಕಾಗುತ್ತಾ? ಗೀರುಗಳಿಗೂ ಒಂದು ಲೆಕ್ಕವಿದೆ. ಆಮೇಲೆ ಹೊಸ ಗೀರು ಬಿದ್ದಿರಬಹುದು, ತಪ್ಪಲ್ಲ. ಆದರೆ ಹಳೇ ಫೋಟೋದಲ್ಲಿದ್ದ ಆಳವಾದ ಗೀರು ಇವತ್ತು ಕಾಣದಿದ್ದರೆ ಅನುಮಾನ ಪಡಲೇಬೇಕು!

ಇನ್ನೊಂದು ತಮಾಷೆ ಗೊತ್ತಾ? ಗಿಟಾರಿನ ಪೆಟ್ಟಿಗೆಯನ್ನ ಕಸಕ್ಕೆ ಹಾಕಿಬಿಟ್ಟಿದ್ದರು. ಹರಾಜಿನವರು ಕಸದಿಂದ ಎತ್ತಿಕೊಂಡರು!

ಇದನ್ನ ಓದಿದಾಗ ನನ್ನ ಹೊಟ್ಟೆ ಚುರುಕ್ ಅಂತು. ಪಿಯೂಸಿ ಬಿಟ್ಟು ಮನೇಲಿ ಕೂತಿದ್ದಾಗ ಕೂಡಿಟ್ಟ ಸ್ಟಿಲ್ಲುಗಳ ಕಟ್ಟು ನನ್ನ ಹತ್ರ ಇತ್ತು. "ಓದೋದ್ ಬಿಟ್ಟು ಇದೆಲ್ಲಾ ಯಾಕೋ?" ಅಂತ ಅಮ್ಮ ಹಳೇ ಪೇಪರಿನವನ ತಕ್ಕಡಿಗೆ ಹಾಕಿದಳು. ಅದರಲ್ಲಿ ವಾದ್ಯಗೋಷ್ಠಿಯವರು ನಿಂತ ಫೋಟೋಗಳೂ ಇದ್ದವು. ಅವರ ಪಿಟೀಲು, ಗಿಟಾರು ನಾಳೆ ಎಲ್ಲೋ ಸಿಕ್ಕರೆ ತಾಳೆ ನೋಡೋಕೆ ನನ್ನ ಹತ್ರ ಏನಿದೆ?

ಅದಕ್ಕೇ ಹೇಳ್ತೀನಿ ಗೆಳೆಯರೇ, ಹೀರೋ ಮುಖ ಮಾತ್ರ ಕತ್ತರಿಸಿ ಗೋಡೆಗೆ ಅಂಟಿಸಬೇಡಿ. ಪೂರ್ತಿ ಫೋಟೋ ಇಟ್ಟುಕೊಳ್ಳಿ, ಹಿಂದುಗಡೆ ತಾರೀಖು, ಊರು ಬರೆಯಿರಿ. ಹುಚ್ಚು ಅಭಿಮಾನಿ ಅಂತ ನಗೋರು ನಗಲಿ. ನಾಳೆ ಸಾಕ್ಷಿ ಹೇಳೋದು ಅದೇ ಕಣ್ರೀ!