ಮೇಪಲ್ ಪಾಕವೂ ದರದ ಪ್ರಶ್ನೆಯೂ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಮೇಪಲ್ ಪಾಕ ಕಾಯಿಸುವ ರೈತ ಕುಟುಂಬಗಳು ತಮ್ಮ ಪಾಕದ ಮನೆಯ ಬಾಗಿಲನ್ನು ಜನರಿಗೆ ತೆರೆದಿಡುತ್ತವೆ. ಪಟ್ಟಣದವರು ಮಕ್ಕಳುಮರಿಗಳೊಡನೆ ಕಾರು ಹತ್ತಿ ಹೋಗುತ್ತಾರೆ. ಮಾಡಿನಿಂದ ಹಬೆ ಏಳುವುದನ್ನು ನೋಡುತ್ತಾರೆ, ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು ಗಟ್ಟಿಯಾದದ್ದನ್ನು ಚೀಪುತ್ತಾರೆ, ಒಂದು ಡಬ್ಬಿ ಕೊಂಡು ಮರಳುತ್ತಾರೆ. ಅಲ್ಲಿಗೆ ಹೋಗಿ ಬಂದವರು ಬರೆಯುವುದೂ ಬಹುಮಟ್ಟಿಗೆ ಇಷ್ಟನ್ನೇ. ಡಬ್ಬಿಯ ದರವನ್ನು ಯಾರು ನಿಶ್ಚಯಿಸುತ್ತಾರೆ, ಅದರಲ್ಲಿ ಪಾಕ ಕಾಯಿಸಿದವನ ಕೂಲಿ ಎಷ್ಟು ಎಂದು ವಿಚಾರಿಸುವವರು ವಿರಳ. ದುಡಿಯುವ ಜನ ಕೇಳತಕ್ಕ ಪ್ರಶ್ನೆಯಾದರೋ ಅದೇ.

ಮೊದಲು ಕೆಲಸವನ್ನು ನೋಡೋಣ. ಮೇಪಲ್ ಮರ ತೂತು ಕೊರೆಯುವಷ್ಟು ದಪ್ಪವಾಗಲು ಸುಮಾರು 40 ವರ್ಷ ಬೇಕು. ಎಂದರೆ ಅಜ್ಜ ಕಡಿಯದೆ ಉಳಿಸಿದ್ದರಿಂದ ಮೊಮ್ಮಗ ಉಣ್ಣುತ್ತಾನೆ. ರಾತ್ರಿ ನೀರು ಹೆಪ್ಪುಗಟ್ಟಬೇಕು, ಹಗಲು ಬಿಸಿಲೇರಿ ಕರಗಬೇಕು. ಹಾಗಾದಾಗ ಮಾತ್ರ ಮರ ರಸ ಬಿಡುತ್ತದೆ. ವರ್ಷದಲ್ಲಿ ಅಂಥ ದಿನಗಳು ಕೆಲವೇ ವಾರ. ರಸವೋ ನೀರಿನಂತೆ ತೆಳ್ಳಗೆ, ಸಕ್ಕರೆ ನೂರಕ್ಕೆ ಎರಡು ಪಾಲು. ನಮ್ಮ ಕಬ್ಬಿನ ಹಾಲಿನಲ್ಲಿ ಇದರ ಏಳೆಂಟು ಪಟ್ಟು ಸಿಹಿ ಉಂಟು. ಆದುದರಿಂದ ಅಲ್ಲಿ 40 ಲೀಟರ್ ರಸವನ್ನು ಕುದಿಸಿದರೆ ಒಂದು ಲೀಟರ್ ಪಾಕ. ರಸ ಕೂಡಿಟ್ಟರೆ ಕೆಡುತ್ತದೆ. ಬಂದ ದಿನವೇ ಕಾಯಿಸಬೇಕು, ನಡುರಾತ್ರಿಯಾದರೂ ಸರಿಯೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ರಾತ್ರಿ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಬಕೆಟ್ಟಿನ ಬದಲು ಪ್ಲಾಸ್ಟಿಕ್ ಕೊಳವೆಗಳು, ಹೀರುವ ಪಂಪುಗಳು, ಕುದಿಸುವ ಮೊದಲೇ ರಸದಿಂದ ನೀರು ತೆಗೆಯುವ ಯಂತ್ರಗಳು ಬಂದಿವೆ. ಸೌದೆ ಉಳಿಯಿತು, ನಿಜ. ಆದರೆ ಯಂತ್ರಕ್ಕೆ ಹಣ ಬೇಕು. ಗಂಡ, ಹೆಂಡತಿ, ಮಕ್ಕಳು ದುಡಿದ ರಾತ್ರಿಗಳನ್ನು ಮಾತ್ರ ಯಾರೂ ಕೂಲಿಯೆಂದು ಲೆಕ್ಕ ಹಿಡಿಯುವುದಿಲ್ಲ. "ಕುಟುಂಬದ ಜಮೀನು" ಎಂಬ ಚೆಂದದ ಮಾತಿನ ಒಳಗೆ ಅಡಗಿರುವುದು ಈ ಲೆಕ್ಕವಿಲ್ಲದ ದುಡಿಮೆ. ಈ ವಿದ್ಯೆಯನ್ನು ಬಿಳಿಯರಿಗೆ ಕಲಿಸಿದವರು ಅಲ್ಲಿನ ಮೂಲನಿವಾಸಿಗಳು. ಕಾಡು ಅವರ ಕೈತಪ್ಪಿತೆಂಬುದು ಡಬ್ಬಿಯ ಮೇಲಿನ ಚಿತ್ರದಲ್ಲಿ ಕಾಣುವುದಿಲ್ಲ.

ಇಷ್ಟು ಕಷ್ಟದ ಪಾಕದ ಪಕ್ಕದಲ್ಲೇ, ಅದೇ ಅಂಗಡಿಯಲ್ಲಿ, ಜೋಳದ ಪಾಕಕ್ಕೆ ಬಣ್ಣವನ್ನೂ ವಾಸನೆಯನ್ನೂ ಬೆರೆಸಿ ಅಗ್ಗಕ್ಕೆ ಮಾರುತ್ತಾರೆ. ದೊಡ್ಡ ಕಂಪನಿಗಳ ಆ ಸೀಸೆಗಳಲ್ಲಿ ಅನೇಕದರಲ್ಲಿ ಮೇಪಲ್ ಒಂದು ತೊಟ್ಟೂ ಇಲ್ಲ. ನಿಜವಾದ ಸರಕು ಮಾರುವ ಸಣ್ಣ ವ್ಯಾಪಾರಿಗೆ ಕಲಬೆರಕೆಯವನೇ ಮೊದಲ ಶತ್ರು ಎಂಬುದು ನಮ್ಮ ಸಂತೆಬೀದಿಯ ಅನುಭವವೂ ಹೌದು.

ಇದಕ್ಕೆ ಪರಿಹಾರವೇನು? ಒಂದು ಉತ್ತರವನ್ನು ಸ್ಕಾಟ್ ನಿಯರಿಂಗ್ ಎಂಬ ಸಮಾಜವಾದಿ ಬದುಕಿ ತೋರಿಸಿದರು. ಬಾಲಕಾರ್ಮಿಕ ಪದ್ಧತಿಯನ್ನು ಖಂಡಿಸುತ್ತಿದ್ದ ಈ ಅರ್ಥಶಾಸ್ತ್ರದ ಅಧ್ಯಾಪಕರನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯ 1915ರಲ್ಲಿ ಕೆಲಸದಿಂದ ತೆಗೆಯಿತು. 1932ರಲ್ಲಿ ಹೆಲೆನ್ ಅವರೊಡನೆ ವರ್ಮಾಂಟ್ ಬೆಟ್ಟ ಸೇರಿ, ಕಲ್ಲಿನ ಮನೆ ಕಟ್ಟಿ, ಮೇಪಲ್ ಪಾಕ ಮಾರಿ ಜೀವನ ನಡೆಸಿದರು. ಇಬ್ಬರೂ ಕೂಡಿ 1950ರಲ್ಲಿ ಮೇಪಲ್ ಸಕ್ಕರೆಯ ಮೇಲೊಂದು ಪುಸ್ತಕವನ್ನೇ ಬರೆದರು. ಅವರ ಛಲಕ್ಕೆ ಕೈಮುಗಿಯೋಣ. ಆದರೆ ಗಿರಣಿಯ ನೂರಾರು ಜನ ಬೆಟ್ಟ ಹತ್ತಲಾರರು. ಹತ್ತಿದರೂ ಪಾಕ ಮಾರಲು ಕೆಳಗಿನ ಪೇಟೆಗೇ ಬರಬೇಕು. ನಿಯರಿಂಗ್ ದಂಪತಿಗಳೂ 1952ರಲ್ಲಿ ಆ ಜಾಗ ಬಿಟ್ಟು ಮೇನ್ ರಾಜ್ಯಕ್ಕೆ ಹೊರಟುಹೋದರು.

ಇನ್ನೊಂದು ಉತ್ತರ ಗಡಿಯಾಚೆ, ಕೆನಡಾದ ಕ್ವಿಬೆಕ್‌ನಲ್ಲಿದೆ. ಜಗತ್ತಿನ ಮೇಪಲ್ ಪಾಕದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಅಲ್ಲಿಯದು. ಅಲ್ಲಿನ ಬೆಳೆಗಾರರ ಒಕ್ಕೂಟ ಹುಟ್ಟಿದ್ದು 1966ರಲ್ಲಿ. ಬೆಳೆ ಹೆಚ್ಚಿದ ವರ್ಷ ಸಗಟು ಖರೀದಿದಾರ ದರ ಇಳಿಸುವುದು, ಬೆಳೆ ಕೆಟ್ಟ ವರ್ಷ ರೈತನ ಬಳಿ ಮಾರಲು ಏನೂ ಇಲ್ಲದಿರುವುದು: ಈ ಉಭಯಸಂಕಟಕ್ಕೆ ಅವರು 2000ದಲ್ಲಿ ದಾಸ್ತಾನು ಮಳಿಗೆಯನ್ನು ಸ್ಥಾಪಿಸಿದರು. 2004ರಲ್ಲಿ ಪ್ರತಿ ರೈತನಿಗೂ ಉತ್ಪಾದನೆಯ ಪಾಲು ನಿಗದಿಯಾಯಿತು. ಪೀಪಾಯಿ ಲೆಕ್ಕದ ಮಾರಾಟವೆಲ್ಲ ಒಕ್ಕೂಟದ ಮೂಲಕ. ತನ್ನ ಮನೆಗೆ ಬಂದ ಗಿರಾಕಿಗೆ ಸಣ್ಣ ಡಬ್ಬಿಗಳನ್ನು ರೈತ ತಾನೇ ಮಾರಬಹುದು. 2021ರಲ್ಲಿ ಬೆಳೆ ಕುಗ್ಗಿ ಬೇಡಿಕೆ ಏರಿದಾಗ ಮಳಿಗೆಯಿಂದ ಸುಮಾರು 5 ಕೋಟಿ ಪೌಂಡ್ ಪಾಕವನ್ನು ಹೊರತೆಗೆದು ಪೇಟೆಯನ್ನು ನಿಭಾಯಿಸಿದರು. ಒಂಟಿ ಕುಟುಂಬದಿಂದ ಇದು ಸಾಧ್ಯವಾಗುತ್ತಿತ್ತೇ?

ಸಂಘಟನೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಜಯಕಾರ ಹಾಕಬೇಕಾಗಿಲ್ಲ. ನನ್ನ ಮರ, ನನ್ನ ರಸ, ನಾನು ಮಾರಿದರೆ ದಂಡವೇಕೆ ಎಂದು ಸಿಡಿದೆದ್ದ ರೈತರು ಕ್ವಿಬೆಕ್‌ನಲ್ಲೇ ಇದ್ದಾರೆ, ನ್ಯಾಯಾಲಯಕ್ಕೂ ಹೋಗಿದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ದಾಸ್ತಾನಿಗೆ ಹೋದ ಪಾಕದ ಪೂರ್ತಿ ಹಣ ಅದು ಮಾರಾಟವಾಗುವ ತನಕ ಕೈಸೇರದು. ಸಾಲಗಾರ ಅಷ್ಟು ದಿನ ಕಾಯುವನೇ? ಕಾವಲೂ ಸಡಿಲವಿತ್ತು. 2011-12ರಲ್ಲಿ ಸುಮಾರು 3,000 ಟನ್ ಪಾಕವನ್ನು ಕಳ್ಳರು ಸಾಗಿಸಿದರು. ಅದರ ಬೆಲೆ 1.8 ಕೋಟಿ ಕೆನಡಾ ಡಾಲರು. ಲೆಕ್ಕ ನೋಡಲು ಬಂದವನು ಪೀಪಾಯಿಗಳ ಮೇಲೆ ಹತ್ತಿದಾಗ ಖಾಲಿ ಪೀಪಾಯಿ ಅಲುಗಾಡಿತು, ಆಗ ಕಳವು ಬಯಲಾಯಿತು. ಸದಸ್ಯರ ಸೊತ್ತನ್ನು ಹೀಗೆ ಕಾಯುವ ಪದಾಧಿಕಾರಿಗಳಿಗೆ ಸಭೆಯಲ್ಲಿ ಉತ್ತರ ಕೇಳುವ ಹಕ್ಕು ಸದಸ್ಯನಿಗೆ ಇರಲೇಬೇಕು.

ಆದರೂ ನನ್ನ ಮತ ಒಕ್ಕೂಟದ ಕಡೆಗೇ. ಎಲ್ಲರೂ ಪಾಲು ಮೀರದೆ ನಿಂತದ್ದರಿಂದ ದರ ನಿಂತಿದೆ. ಆ ದರದಲ್ಲಿ ಕಳ್ಳದಾರಿಯಿಂದ ಹೆಚ್ಚು ಮಾರುವವನು ನೆರೆಯವನ ಸಂಯಮವನ್ನು ಮಾರುತ್ತಾನೆ. ಮುಷ್ಕರದ ದಿನ ಹಿಂಬಾಗಿಲಿನಿಂದ ಗಿರಣಿಗೆ ನುಗ್ಗುವವನನ್ನು ನಾವು ಬಲ್ಲೆವು. ವರ್ಮಾಂಟ್‌ನ ರೈತರಿಗಾದರೋ ಇಂಥ ಪಾಲಿನ ಕಟ್ಟು ಇಲ್ಲ, ಎಷ್ಟು ಬೇಕಾದರೂ ಕಾಯಿಸಬಹುದು. ಈ ಸ್ವಾತಂತ್ರ್ಯವನ್ನು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಅವರಿಗೆ ದೊರೆಯುವ ಸಗಟು ದರ ನೆಲಕಚ್ಚದಂತೆ ತಡೆದಿರುವುದು ಗಡಿಯಾಚೆಯ ಆ ದಾಸ್ತಾನು ಮಳಿಗೆಯೇ. ಅದರ ಬಾಡಿಗೆಗೆ ವರ್ಮಾಂಟ್ ಒಂದು ಸೆಂಟನ್ನೂ ಕೊಡುವುದಿಲ್ಲ.