ಅಂಗಡಿ ನಮ್ಮದು, ಬೀಗದ ಕೈ ಯಾರದು?

ಲೆಕ್ಕಪರಿಶೋಧನೆಯ ವೇಳೆ ಹಲವು ಸಂಸ್ಥೆಗಳ ಪುಸ್ತಕಗಳಲ್ಲಿ ‘ವೆಬ್‌ಸೈಟ್ ವೆಚ್ಚ’ ಎಂಬ ಒಂದೇ ಸಾಲು ಕಾಣುತ್ತದೆ. ಆ ಮೊತ್ತದಲ್ಲಿ ಏನೇನು ಸೇರಿದೆಯೆಂದು ಕೇಳಿದರೆ, ‘ಅದನ್ನೆಲ್ಲ ಆ ಹುಡುಗ ನೋಡಿಕೊಳ್ಳುತ್ತಾನೆ’ ಎಂಬುದೇ ಮಾಲೀಕರ ಉತ್ತರ. ಈ ನಿರ್ಲಕ್ಷ್ಯ ದುಬಾರಿಯಾಗಬಲ್ಲದು.

ನನ್ನ ಕಕ್ಷಿದಾರರಲ್ಲೊಬ್ಬರು ಯಂತ್ರಗಳ ಬಿಡಿಭಾಗ ತಯಾರಿಸುವವರು. ಅವರ ಜಾಲತಾಣವನ್ನು ನಿರ್ಮಿಸಿಕೊಟ್ಟವನು ಡೊಮೈನ್ ಹೆಸರನ್ನು ತನ್ನ ಹೆಸರಿನಲ್ಲಿಯೇ ನೋಂದಾಯಿಸಿಕೊಂಡಿದ್ದನು. ಮುಂದೆ ಬಿಲ್ಲಿನ ವಿಚಾರದಲ್ಲಿ ಮನಸ್ತಾಪವುಂಟಾಗಿ ನವೀಕರಣ ನಿಂತುಹೋಯಿತು. ಜಾಲತಾಣದೊಂದಿಗೆ ಅದೇ ಹೆಸರಿನ ಇ-ಮೇಲ್ ವಿಳಾಸಗಳೂ ಸ್ತಬ್ಧವಾದವು. ಗ್ರಾಹಕರು ಕಳುಹಿಸಿದ ಖರೀದಿ ಆದೇಶಗಳು ತಲುಪಲಿಲ್ಲ. ಹಣ ಕೊಟ್ಟ ರಸೀದಿಗಳೆಲ್ಲ ಇವರ ಬಳಿ ಇದ್ದವು. ಒಡೆತನ ಮಾತ್ರ ಇರಲಿಲ್ಲ.

ಜಾಲತಾಣವೆಂಬುದು ಒಂದು ವಸ್ತುವಲ್ಲ, ಹಲವು ಸೇವೆಗಳ ಜೋಡಣೆ. ಡೊಮೈನ್ ಹೆಸರು ನಮ್ಮ ವಿಳಾಸ; ಅದು ಶಾಶ್ವತ ಕ್ರಯವಲ್ಲ, ಕಾಲಕಾಲಕ್ಕೆ ನವೀಕರಿಸಬೇಕಾದ ಹಕ್ಕು. ಹೋಸ್ಟಿಂಗ್ ಬಾಡಿಗೆಯ ಮಳಿಗೆಯಿದ್ದಂತೆ. ಪುಟಗಳನ್ನು ನಿರ್ವಹಿಸುವ ತಂತ್ರಾಂಶಗಳಲ್ಲಿ 2003ರಲ್ಲಿ ಬಂದ ವರ್ಡ್‌ಪ್ರೆಸ್ ಉಚಿತವಾದದ್ದು. ಗ್ರಾಹಕರ ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸಲು ಬೇಕಾದ ಭದ್ರತಾ ಪ್ರಮಾಣಪತ್ರವನ್ನೂ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರಿಂದ ಉಚಿತವಾಗಿ ನೀಡುತ್ತಿದೆ. ಅಳವಡಿಸುವ ಹಾಗೂ ತಂತ್ರಾಂಶವನ್ನು ಆಗಾಗ ಪರಿಷ್ಕರಿಸುವ ಶ್ರಮಕ್ಕೆ ಬೆಲೆಯಿದೆ. ಅದನ್ನು ಧಾರಾಳವಾಗಿ ಕೊಡೋಣ. ಆದರೆ ಉಚಿತ ವಸ್ತುವಿಗೆ ಬೆಲೆ ಹಾಕಿದ್ದರೆ ವಿವರ ಕೇಳುವುದು ತಪ್ಪಲ್ಲ.

ತೆರಿಗೆಯ ಮುಖವೂ ಇದಕ್ಕುಂಟು. ವಿದೇಶೀ ಸಂಸ್ಥೆಯಿಂದ ನೇರವಾಗಿ ಹೋಸ್ಟಿಂಗ್ ಅಥವಾ ತಂತ್ರಾಂಶ ಸೇವೆಯನ್ನು ಪಡೆದರೆ ಅದು ಸೇವೆಯ ಆಮದು. ಜಿಎಸ್‌ಟಿ ನೋಂದಾಯಿತ ವ್ಯಾಪಾರಿಯು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಐಜಿಎಸ್‌ಟಿಯನ್ನು ನಗದಾಗಿಯೇ ಕಟ್ಟಿ, ಅರ್ಹತೆಯಿದ್ದಲ್ಲಿ ಇನ್‌ಪುಟ್ ಕ್ರೆಡಿಟ್ ಪಡೆಯಬೇಕು. ಅದೇ ಸಂಸ್ಥೆಯ ಭಾರತೀಯ ಶಾಖೆ ಜಿಎಸ್‌ಟಿ ಸೇರಿಸಿ ಬಿಲ್ಲು ಕೊಟ್ಟಿದ್ದರೆ ಈ ಪ್ರಶ್ನೆ ಏಳದು. ಬಿಲ್ಲು ನಿರ್ಮಾಣಕಾರನ ಸ್ವಂತ ಹೆಸರಿನಲ್ಲಿದ್ದರೆ ಆ ಬಿಲ್ಲಿನ ಆಧಾರದ ಮೇಲೆ ನಮಗೆ ಕ್ರೆಡಿಟ್ ದೊರೆಯದು. ಆದ್ದರಿಂದ ಪ್ರತಿಯೊಂದು ಬಿಲ್ಲನ್ನೂ ತೆರೆದು ನೋಡುವುದು ಅಗತ್ಯ.

‘ನಮಗೆ ಕಂಪ್ಯೂಟರ್ ಜ್ಞಾನವಿಲ್ಲ’ ಎಂಬ ಸಮಜಾಯಿಷಿ ಸಲ್ಲದು. ಸಿಮೆಂಟು ಕಬ್ಬಿಣದ ಲೆಕ್ಕ ತಿಳಿಯದೆಂದು ನಿವೇಶನದ ಖಾತೆಯನ್ನು ಗುತ್ತಿಗೆದಾರನ ಹೆಸರಿಗೆ ಮಾಡಿಸುವವರು ನಮ್ಮಲ್ಲಿ ಯಾರಿದ್ದಾರೆ?

ವ್ಯಾಪಾರಿ ಬಂಧುಗಳಲ್ಲಿ ನನ್ನ ಸಲಹೆ ಇಷ್ಟೆ. ಡೊಮೈನ್, ಹೋಸ್ಟಿಂಗ್, ಪೇಮೆಂಟ್ ಗೇಟ್‌ವೇ ಖಾತೆಗಳೆಲ್ಲವೂ ಸಂಸ್ಥೆಯ ಹೆಸರಿನಲ್ಲಿರಲಿ. ಅವುಗಳಿಗೆ ಕೊಟ್ಟ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ಸಂಸ್ಥೆಯದೇ ಆಗಿರಲಿ. ಆ ಇ-ಮೇಲ್ ಅದೇ ಡೊಮೈನಿನದಾಗಿರದಿರಲಿ, ಏಕೆಂದರೆ ಡೊಮೈನ್ ನಿಂತ ದಿನ ಅದೂ ನಿಲ್ಲುತ್ತದೆ. ನವೀಕರಣದ ದಿನಾಂಕಗಳನ್ನು ವಿಮಾ ಪಾಲಿಸಿಗಳ ದಿನಾಂಕಗಳ ಪಕ್ಕದಲ್ಲಿಯೇ ಬರೆದಿಡಿ. ಜಾಲತಾಣದ ಒಂದು ಪ್ರತಿಯನ್ನು ನಿಯತವಾಗಿ ತರಿಸಿಕೊಂಡು ಕಚೇರಿಯಲ್ಲಿಟ್ಟುಕೊಳ್ಳಿ. ಒಂದು ಮಾದರಿ ಕರಾರು ಪತ್ರವನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಲು ನಮ್ಮ ವಾಣಿಜ್ಯ ಮಂಡಳಿಯೂ ಮುಂದಾಗಬೇಕು. ಇವುಗಳಿಗೆ ತಗಲುವ ಖರ್ಚು ಅತ್ಯಲ್ಪ. ಮಾಡದಿದ್ದರೆ ಕಳೆದುಕೊಳ್ಳುವುದು ವರ್ಷಗಳಿಂದ ಗಳಿಸಿದ ಹೆಸರು.